ಪ್ರಜಾಪ್ರತಿನಿಧಿ ಸಭೆಯ ಸ್ಥಾಪಕರಾದ ದಿವಾನ್ ರಂಗಾಚಾರ್ಲುರವರು

ಒಂದು ರಾಜ್ಯದ ಪ್ರಜೆಗಳನ್ನು ಎಣಿಸುವುದು ಒಂದು ಕಾರ್ಯ; ಆ ಪ್ರಜೆಗಳ ಮಾತನ್ನು ಕೇಳುವುದು ಮತ್ತೊಂದು ಕಾರ್ಯ. ಮೊದಲನೆಯದನ್ನು ಕಂದಾಯದಲ್ಲಿ ಆಸೆಯುಳ್ಳ ಯಾವ ಅರಸನಾದರೂ ಮಾಡಿಸಿಯಾನು. ಎರಡನೆಯದಕ್ಕೆ ಮನಸ್ಸಿನ ಔದಾರ್ಯವೂ, ತನ್ನ ಆಡಳಿತದ ಕುಂದುಗಳನ್ನು ಪರರ ಬಾಯಿಂದ ಕೇಳಿಕೊಳ್ಳುವ ಧೈರ್ಯವೂ ಬೇಕು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣಪಟ್ಟಣದ ಅನುಭವ ಮಂಟಪದಲ್ಲಿ ನಾನಾ ಕಾಯಕಗಳ ಶರಣಶರಣೆಯರು ಒಂದೆಡೆ ಕುಳಿತು ಧರ್ಮತತ್ತ್ವಗಳನ್ನು ವಿಚಾರಮಾಡಿದ ಸಂಗತಿಯು ಶ್ರೀಮಠದ ಭಕ್ತರೆಲ್ಲರೂ ಬಲ್ಲುದಾಗಿದೆ. ಆದರೆ ರಾಜ್ಯಾಡಳಿತದ ವಿಷಯದಲ್ಲಿ ಉಳುವವನನ್ನೂ ವ್ಯಾಪಾರಮಾಡುವವನನ್ನೂ ವರ್ಷವರ್ಷವೂ ಸರಕಾರದ ಸಮ್ಮುಖಕ್ಕೆ ಬರಮಾಡಿಕೊಂಡು ಅವರ ಅಹವಾಲುಗಳನ್ನು ಕೇಳುವ ಪದ್ಧತಿಯು ಮೈಸೂರು ಸಂಸ್ಥಾನದಲ್ಲಿ ನೆಲೆಗೊಂಡುದು ಅದಾದ ಏಳುನೂರು ವರ್ಷಗಳ ತರುವಾಯ, 1881ರಲ್ಲಿ. ಅದನ್ನು ನೆಲೆಗೊಳಿಸಿದ ಮಹನೀಯರು ವೀರಶೈವರಲ್ಲ. ಹುಟ್ಟಿನಿಂದ ಕನ್ನಡನಾಡಿನವರೂ ಅಲ್ಲ. ಮದರಾಸು ಪ್ರಾಂತದ ಶ್ರೀವೈಷ್ಣವ ಬ್ರಾಹ್ಮಣ ಕುಲದಲ್ಲಿ ಜನಿಸಿ, ಮೈಸೂರಿನ ಸೇವೆಯಲ್ಲಿಯೇ ತಮ್ಮ ಬಾಳಿನ ಕಡೆಯ ಹದಿನೈದು ವರ್ಷಗಳನ್ನು ಸವೆಯಿಸಿದ ದಿವಾನ್ ಸಿ. ವಿ. ರಂಗಾಚಾರ್ಲುರವರೇ ಅವರು. ಒಳ್ಳೆಯ ಕಾರ್ಯವನ್ನು ಮಾಡಿದವರು ಯಾರೆಂದು ಕುಲವನ್ನು ಕೇಳದಿರುವುದೇ ಶರಣರ ಮಾರ್ಗವಾದುದರಿಂದ, ಇವರ ಚರಿತ್ರೆಯು ಈ ಸಂಪುಟದಲ್ಲಿ ಸ್ಥಾನಪಡೆಯುವುದು ಉಚಿತವೇ ಆಗಿದೆ.

ರಂಗಾಚಾರ್ಲುರವರು ಚೆಂಗಲ್ಪಟ್ಟು ಜಿಲ್ಲೆಯಲ್ಲಿ 1831ರಲ್ಲಿ ಜನಿಸಿದರು. ಅವರ ತಂದೆಯವರು ಅದೇ ಜಿಲ್ಲೆಯ ಕಲೆಕ್ಟರರ ಕಚೇರಿಯಲ್ಲಿ ಅಲ್ಪವೇತನದ ಗುಮಾಸ್ತೆಯಾಗಿದ್ದರು. ಆ ಮಗು ತೊಟ್ಟಿಲಲ್ಲಿದ್ದ ಆ ವರ್ಷವೇ ಮೈಸೂರು ದೇಶದಲ್ಲಿ ಮಹತ್ತರವಾದೊಂದು ವಿಪ್ಲವವು ನಡೆಯಿತು. ಒಂದು ಕಾಲಕ್ಕೆ ವೀರಶೈವ ಮತಾವಲಂಬಿಗಳಾದ ಕೆಳದಿಯ ನಾಯಕರು ಆಳಿದ ನಗರ ಸೀಮೆಯಲ್ಲಿ ರೈತರು ದಂಗೆಯೆದ್ದಿದ್ದರು. ಇಂತಿಷ್ಟು ಕಂದಾಯವನ್ನು ಒಪ್ಪಿಸುವೆವೆಂದು ಅಮಲ್ದಾರರು ಸರಕಾರಕ್ಕೆ ಷರತ್ತು ಬರೆದುಕೊಟ್ಟು, ಅದನ್ನು ರೈತರ ಬೆನ್ನಮೇಲೆ ವಸೂಲುಮಾಡುವ ಷರತ್ತು ಪದ್ಧತಿಯು ಆಗ ಜಾರಿಯಲ್ಲಿದ್ದಿತು. ರೈತರು ಮೊದಲು ಕತ್ತಿಯನ್ನು ಹಿಡಿಯಲಿಲ್ಲ. ಊರೂರುಗಳಿಂದ ಬಂದು ಕೂಟ ಸೇರಿದರು, ತಮ್ಮ ಕಷ್ಟವನ್ನು ಅರಿಕೆಮಾಡಿಕೊಂಡರು. ಆ ಕೂಟಗಳ ಮಾತನ್ನು ತಕ್ಕ ಕಾಲದಲ್ಲಿ ಕೇಳಿ ಪರಿಹರಿಸುವವರು ಇಲ್ಲದೆಹೋದರು. ಅರಿಕೆಯು ದಂಗೆಯಾಯಿತು, ಬೂದಿ ಬಸವಪ್ಪನೆಂಬವನು ನಗರದ ಗಾದಿಯು ತನ್ನದೆಂದು ಎದ್ದುನಿಂತನು. ದಂಗೆಯನ್ನು ಅಡಗಿಸುವುದಕ್ಕೆ ಇಂಗ್ಲಿಷರ ದಂಡು ಬಂದಿತು. ಅದರ ಪರಿಣಾಮವಾಗಿ 1831ರಲ್ಲಿ ಗವರ್ನರ್ ಜನರಲ್ ಬೆಂಟಿಂಕರು ಮುಮ್ಮಡಿ ಕೃಷ್ಣರಾಜ ಒಡೆಯರವರ ಕೈಯಿಂದ ರಾಜ್ಯಭಾರವನ್ನು ತೆಗೆದುಕೊಂಡು ಕಮಿಷನರುಗಳಿಗೆ ವಹಿಸಿದರು. ಪ್ರಜೆಗಳ ಕೂಟದ ಮಾತಿಗೆ ಕಿವಿಗೊಡದ ತಪ್ಪಿಗೆ ಮೈಸೂರು ತೆತ್ತ ದಂಡವು ಐವತ್ತು ವರ್ಷಗಳ ಪರಾಧೀನತೆಯಾಯಿತು. ಆ ಐವತ್ತು ವರ್ಷಗಳು ತುಂಬಿದಾಗ ಕೂಟವನ್ನು ಸರಕಾರದ ವತಿಯಿಂದಲೇ ಕರೆಯತಕ್ಕ ಪುರುಷನು ಅದೇ ವರ್ಷ ಹುಟ್ಟಿದನೆಂಬುದು ದೈವಘಟನೆಯೆಂದೇ ಹೇಳಬೇಕಾಗಿದೆ.

ಬಡತನದಲ್ಲಿ ಬೆಳೆದ ರಂಗಾಚಾರ್ಲುರವರಿಗೆ ಬಂಧುಗಳ ಸಹಾಯದಿಂದ ಮದರಾಸಿನಲ್ಲಿ ವಿದ್ಯಾಭ್ಯಾಸವು ದೊರೆಯಿತು. ಪಚ್ಚಯ್ಯಪ್ಪನವರ ಧರ್ಮದ ಪಾಠಶಾಲೆಯಲ್ಲಿಯೂ, ಬಳಿಕ ಪವೆಲ್ ಸಾಹೇಬರು ಮುಖ್ಯೋಪಾಧ್ಯಾಯರಾಗಿದ್ದ ಮದರಾಸು ಹೈಸ್ಕೂಲಿನಲ್ಲಿಯೂ ಓದಿ, 1849ರಲ್ಲಿ ಕಲೆಕ್ಟರರ ಕಚೇರಿಯಲ್ಲಿ ಗುಮಾಸ್ತೆಯಾಗಿ ಸೇರಿದರು. ಕಂದಾಯದ ಕಾಗದಪತ್ರಗಳ ಮಧ್ಯದಲ್ಲಿ ಕುಳಿತಿದ್ದ ಈ ತರುಣನಿಗೆ ಅಕ್ಷರಗಳ ಹಿಂದೆ ಇರುವ ರೈತನ ಮುಖವು ಕಾಣತೊಡಗಿತು. ತಾನೇ ಕೆಲಸಮಾಡುತ್ತಿದ್ದ ಕಂದಾಯದ ಇಲಾಖೆಯಲ್ಲಿನ ಲಂಚಗುಳಿತನವನ್ನು ಕುರಿತು ಸಣ್ಣ ಪುಸ್ತಕವನ್ನು ಬರೆದು ಪ್ರಕಟಿಸುವ ಎದೆಗಾರಿಕೆಯನ್ನು ಅವರು ತೋರಿಸಿದರು. ಬಳಿಕ ಮದರಾಸು ಪ್ರಾಂತದ ಇನಾಮು ಕಮಿಷನ್ನಿನಲ್ಲಿ ಸೇವೆಸಲ್ಲಿಸಿದರು. ಇನಾಮು ಭೂಮಿಯ ಹಕ್ಕುಪತ್ರವು ಗಟ್ಟಿಯಾಗಿಲ್ಲದಿದ್ದರೆ ದೇವಾಲಯದ ದೀಪವೂ ಮಠದ ದಾಸೋಹವೂ ಹೇಗೆ ಆತಂಕಕ್ಕೊಳಗಾಗುವುವೆಂಬುದು ಮಠಗಳ ಶಿಷ್ಯರಿಗೆ ವಿವರಿಸಿ ಹೇಳಬೇಕಾದ ಮಾತಲ್ಲ. ಅಂಥ ಸೂಕ್ಷ್ಮವಾದ ಕಾರ್ಯದಲ್ಲಿ ನುರಿತು, ರಂಗಾಚಾರ್ಲುರವರು ಕಲ್ಲಿಕೋಟೆಯಲ್ಲಿ ಡೆಪ್ಯುಟಿ ಕಲೆಕ್ಟರರಾದರು. ಮುಂದೆ ಮೈಸೂರಿನ ದಿವಾನಗಿರಿಯಲ್ಲಿ ತಮ್ಮ ಉತ್ತರಾಧಿಕಾರಿಗಳಾದ ಶೇಷಾದ್ರಿ ಅಯ್ಯರವರು ಅವರಿಗೆ ಪರಿಚಿತರಾದುದು ಅಲ್ಲಿಯೇ.

1868ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರವರು ಸ್ವರ್ಗಸ್ಥರಾದರು. ಅವರ ದತ್ತುಪುತ್ರರಾದ ಚಾಮರಾಜೇಂದ್ರ ಒಡೆಯರವರು ಆಗ ಐದು ವರ್ಷದ ಬಾಲಕರು. ಅರಮನೆಯ ವ್ಯವಹಾರಗಳು ಸಿಕ್ಕುಸಿಕ್ಕಾಗಿದ್ದುವು, ಸಾಲಗಾರರು ಬಾಗಿಲಲ್ಲಿದ್ದರು, ಒಡವೆ ವಸ್ತುಗಳಿಗೆ ಸರಿಯಾದ ಪಟ್ಟಿಯಿರಲಿಲ್ಲ. ಈ ತೊಡಕನ್ನು ಬಿಡಿಸುವುದಕ್ಕಾಗಿ ಕಮಿಷನರ್ ಬೌರಿಂಗ್ ಸಾಹೇಬರ ಆಡಳಿತವು ರಂಗಾಚಾರ್ಲುರವರನ್ನು ಕಲ್ಲಿಕೋಟೆಯಿಂದ ಬರಮಾಡಿಕೊಂಡಿತು. ಅರಮನೆಯ ಕಂಟ್ರೋಲರರಾಗಿ ಅವರು ಆಸ್ತಿಗೆ ಪಟ್ಟಿ ಬರೆಯಿಸಿದರು, ಸಾಲವನ್ನು ಇತ್ಯರ್ಥಪಡಿಸಿದರು, ವೆಚ್ಚಕ್ಕೆ ಮಿತಿಯನ್ನು ಗೊತ್ತುಮಾಡಿದರು. ಇಂಥ ಕಾರ್ಯದಿಂದ ಯಾರೂ ಜನಪ್ರಿಯರಾಗುವುದಿಲ್ಲ. ಪರದೇಶದಿಂದ ಬಂದವರೆಂಬ ಅಸಮಾಧಾನವೂ ಇದ್ದಿತು. ಮೈಸೂರಿನ ಉದ್ಯೋಗಗಳಲ್ಲಿ ಮದರಾಸಿನವರಿಗೂ ಸ್ಥಳೀಯರಿಗೂ ಬೆಳೆದ ಮನಸ್ತಾಪವು ಅನೇಕ ದಶಕಗಳವರೆಗೆ ಶಮನವಾಗಲಿಲ್ಲ. ಅದರ ಆರಂಭವು ಈ ಕಾಲದ್ದೇ ಆಗಿದೆ. ಇದನ್ನು ಮುಚ್ಚಿಟ್ಟು ರಂಗಾಚಾರ್ಲುರವರನ್ನು ಹೊಗಳುವುದು ನ್ಯಾಯವಲ್ಲ. ಆದರೂ ಬಾಲರಾಜರು ಪ್ರಾಪ್ತವಯಸ್ಕರಾದಾಗ ಮೈಸೂರು ಸ್ವದೇಶೀಯ ಅರಸರ ಕೈಗೆ ಮರಳಬೇಕೆಂಬ ಗುರಿಯಿಂದ ಅವರು ಒಂದು ದಿನವೂ ಕದಲಲಿಲ್ಲ.

ಅಷ್ಟರಲ್ಲಿ ದೇಶಕ್ಕೆ ಮಹಾವಿಪತ್ತು ಒದಗಿತು. ಧಾತು ಈಶ್ವರ ಸಂವತ್ಸರಗಳ ಕ್ಷಾಮವೆಂದು ಹಿರಿಯರು ನಡುಗುತ್ತ ನೆನೆಯುತ್ತಿದ್ದ ಆ ಬರಗಾಲವು 1876ರಿಂದ 1878ರವರೆಗೆ ಮೈಸೂರನ್ನು ಹುರಿದುಹಾಕಿತು. ಕೆರೆಗಳು ಬತ್ತಿದುವು, ದನಕರುಗಳು ಸತ್ತುವು, ಕೋಲಾರ ತುಮಕೂರು ಮೊದಲಾದ ಬಯಲುಸೀಮೆಯ ಊರುಗಳಲ್ಲಿ ಮನೆಗಳು ಬಾಗಿಲು ಹಾಕಿಕೊಂಡುವು, ಜನರು ಗಂಜಿಯನ್ನು ಅರಸಿ ಪಟ್ಟಣಗಳ ದಾರಿಯಲ್ಲಿಯೇ ಬಿದ್ದರು. 1871ರಲ್ಲಿ ನಡೆದ ಖಾನೇಷುಮಾರಿಯಲ್ಲಿ ಮೈಸೂರಿನ ಪ್ರಜಾಸಂಖ್ಯೆಯು 50,55,412 ಆಗಿದ್ದಿತು. ಹತ್ತು ವರ್ಷಗಳ ಬಳಿಕ 1881ರಲ್ಲಿ ಎಣಿಸಿದಾಗ ದೊರೆತ ಸಂಖ್ಯೆಯು 41,86,188. ಸಾಧಾರಣ ಕಾಲದಲ್ಲಿ ಬೆಳೆಯಬೇಕಾಗಿದ್ದ ಜನಸಂಖ್ಯೆಯು ಬೆಳೆಯದುದಲ್ಲದೆ, ಮೊದಲಿದ್ದುದರಲ್ಲಿಯೇ 8,69,224 ಮಂದಿ ಕಡಮೆಯಾಗಿದ್ದರು. ಆರು ಮಂದಿಯಲ್ಲಿ ಒಬ್ಬರಂತೆ ಲೆಕ್ಕದಿಂದ ಮಾಯವಾಗಿದ್ದರು. ಸರಕಾರದ ಉಳಿತಾಯವೆಲ್ಲ ಕರಗಿ, ಬೊಕ್ಕಸದ ತಲೆಯಮೇಲೆ 80 ಲಕ್ಷ ರೂಪಾಯಿಗಳ ಸಾಲವು ಕುಳಿತಿದ್ದಿತು.

ಇಂಥ ರಾಜ್ಯವನ್ನು 1881ನೆಯ ಮಾರ್ಚಿ 25ರಂದು ಹದಿನೆಂಟು ವರ್ಷದ ಚಾಮರಾಜೇಂದ್ರ ಒಡೆಯರವರು ಸ್ವೀಕರಿಸಿದರು, ರಂಗಾಚಾರ್ಲುರವರು ದಿವಾನರಾದರು. ಇಂಗ್ಲಿಷ್ ಸರಕಾರಕ್ಕೆ ವರ್ಷಂಪ್ರತಿ ತೆರಬೇಕಾಗಿದ್ದ ಪೊಗದಿಯನ್ನು 24½ ಲಕ್ಷದಿಂದ 35 ಲಕ್ಷಕ್ಕೆ ಏರಿಸಲು ಗೊತ್ತಾಗಿದ್ದಿತು. ದೇಶದ ದುಃಸ್ಥಿತಿಯನ್ನು ಕಂಡು ಆ ಏರಿಕೆಯನ್ನು ಕೆಲವು ಕಾಲ ತಡೆಹಿಡಿಯಲಾಯಿತು. ದಿವಾನರು ವೆಚ್ಚಕ್ಕೆ ಕತ್ತರಿ ಹಾಕಿದರು. ಎಂಟು ಜಿಲ್ಲೆಗಳನ್ನು ಆರಕ್ಕೆ ಇಳಿಸಿದರು. ಹಾಸನವೂ ಚಿತ್ರದುರ್ಗವೂ ಜಿಲ್ಲೆಯ ಪದವಿಯನ್ನು ಕಳೆದುಕೊಂಡುವು. ಆ ಸೀಮೆಗಳ ಜನರಿಗೆ ಇದರಿಂದ ಅನಾನುಕೂಲವಾಯಿತು. 1886ರಲ್ಲಿ ಎರಡು ಜಿಲ್ಲೆಗಳನ್ನೂ ಮರಳಿ ಸ್ಥಾಪಿಸಬೇಕಾಯಿತು. ಒಂದು ಕಡೆ ಹೀಗೆ ಉಳಿಸುತ್ತ, ಮತ್ತೊಂದು ಕಡೆ ದೂರದೃಷ್ಟಿಯಿಂದ ವೆಚ್ಚಮಾಡಿದರು. ಕ್ಷಾಮದ ಕಾಲದಲ್ಲಿ ಧಾನ್ಯವನ್ನು ಹಸಿದವರ ಬಳಿಗೆ ಸಾಗಿಸಲು ದಾರಿಯಿಲ್ಲದಿದ್ದುದೂ ಸಾವಿಗೆ ಒಂದು ಕಾರಣವೆಂದು ಅರಿತಿದ್ದ ಅವರ ಕಾಲದಲ್ಲಿ, 1882ನೆಯ ಫೆಬ್ರವರಿಯಲ್ಲಿ, ಬೆಂಗಳೂರಿನಿಂದ ಹೊರಟ ರೈಲು ಮೈಸೂರನ್ನು ಮುಟ್ಟಿತು.

ರೈಲನ್ನು ಬೇರೆ ದಿವಾನರೂ ಹಾಕಿಸಬಹುದಾಗಿದ್ದಿತು. ರಂಗಾಚಾರ್ಲುರವರ ಹೆಸರನ್ನು ಉಳಿಸಿದುದು ಮತ್ತೊಂದು ಕಾರ್ಯ. ಪಟ್ಟಾಭಿಷೇಕವಾಗಿ ಐದು ತಿಂಗಳಾಗುವಷ್ಟರಲ್ಲಿ, 1881ನೆಯ ಆಗಸ್ಟ್ 25ರಂದು, ಮಹಾರಾಜರವರ ಅಪ್ಪಣೆಯೊಂದು ಹೊರಟಿತು. ಪ್ರತಿಯೊಂದು ತಾಲ್ಲೂಕಿನಿಂದಲೂ ತಿಳಿವಳಿಕೆಯೂ ಗೌರವವೂ ಉಳ್ಳ ಒಬ್ಬಿಬ್ಬರು ವ್ಯವಸಾಯಗಾರರನ್ನೂ, ಪ್ರತಿಯೊಂದು ಜಿಲ್ಲೆಯಿಂದಲೂ ಮೂರು ನಾಲ್ವರು ವರ್ತಕರನ್ನೂ ಲೋಕಲ್ ಫಂಡ್ ಮಂಡಲಿಗಳು ಆರಿಸಿ ಕಳುಹಿಸಬೇಕೆಂದೂ, ದಸರೆಯು ಮುಗಿದೊಡನೆ ಅವರ ಮುಂದೆ ಸರಕಾರವು ಕಳೆದ ವರ್ಷದ ಆಡಳಿತದ ಫಲವನ್ನೂ ಬರುವ ವರ್ಷದ ಉದ್ದೇಶಗಳನ್ನೂ ಅರಿಕೆಮಾಡುವುದೆಂದೂ ಗೊತ್ತಾಯಿತು. 1881ನೆಯ ಅಕ್ಟೋಬರ್ 7ರಂದು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯು ಮೊದಲನೆಯ ಸಾರಿ ಸೇರಿತು. ಬಂದ ಪ್ರತಿನಿಧಿಗಳು 144 ಮಂದಿ. ದೇಶೀಯ ಸಂಸ್ಥಾನಗಳಲ್ಲಿ ಇಂಥ ಸಭೆಯು ಅದೇ ಮೊದಲನೆಯದು. ಇಂಗ್ಲಿಷರು ನೇರವಾಗಿ ಆಳುತ್ತಿದ್ದ ಪ್ರಾಂತಗಳಲ್ಲಿಯೂ ಆಗ ಅಂಥದು ಇರಲಿಲ್ಲ. ಇಂಡಿಯನ್ ನ್ಯಾಷನಲ್ ಕಾಂಗ್ರೆಸ್ಸು ಹುಟ್ಟಿದುದು ಇದಾದ ನಾಲ್ಕು ವರ್ಷಗಳ ಮೇಲೆ.

ಆ ದಿನದ ಸಭೆಯ ಮಹತ್ತ್ವವನ್ನು ಇಂದಿನವರು ಸುಲಭವಾಗಿ ಗ್ರಹಿಸಲಾರರು. ಅಮಲ್ದಾರನ ಕಚೇರಿಯ ಅಂಗಳದಲ್ಲಿ ಕೈಕಟ್ಟಿ ನಿಲ್ಲುವುದನ್ನೇ ಕಂಡಿದ್ದ ಪಟೇಲನೂ, ಸಂತೆಯ ಸುಂಕದವನಿಗೆ ಅಂಜಿ ನಡೆಯುತ್ತಿದ್ದ ವರ್ತಕನೂ, ರಾಜಧಾನಿಯಲ್ಲಿ ಸಂಸ್ಥಾನದ ಮುಖ್ಯ ಮಂತ್ರಿಯ ಎದುರಿಗೆ ಪ್ರತಿನಿಧಿಗಳಾಗಿ ಕುಳಿತರು. ದಿವಾನರು ಅವರ ಮುಂದೆ ರಾಜ್ಯದ ಆದಾಯವನ್ನೂ ವೆಚ್ಚವನ್ನೂ ಸಾಲವನ್ನೂ ಬಿಚ್ಚಿಹೇಳಿದರು. ಬೊಕ್ಕಸದ ಲೆಕ್ಕವು ಅರಸರ ಗುಟ್ಟೆಂದು ತಿಳಿದಿದ್ದ ಕಾಲದಲ್ಲಿ, ತೆರಿಗೆಯನ್ನು ಕೊಟ್ಟವನಿಗೆ ಅದರ ಲೆಕ್ಕವನ್ನು ಒಪ್ಪಿಸಿದುದು ಹೊಸ ನಡೆವಳಿಕೆಯಾಗಿದ್ದಿತು. ಕಾಯಕದಿಂದ ಬಂದುದಕ್ಕೆ ಲೆಕ್ಕವನ್ನೊಪ್ಪಿಸಿ ದಾಸೋಹಮಾಡುವ ಶರಣರ ಶೀಲವನ್ನು ಬಲ್ಲವರಿಗೆ ಇದರ ಬೆಲೆಯು ತಾನಾಗಿಯೇ ಹೊಳೆಯುವುದು.

ಈ ಏರ್ಪಾಟಿನಲ್ಲಿ ಗಮನಿಸತಕ್ಕ ಮತ್ತೊಂದು ಅಂಶವಿದೆ. ಪ್ರತಿನಿಧಿಗಳನ್ನು ಕರೆಯುವಾಗ ದಿವಾನರು ಜಾತಿಯನ್ನು ಹೆಸರಿಸಲಿಲ್ಲ, ವೃತ್ತಿಯನ್ನು ಹೆಸರಿಸಿದರು. ಸರಕಾರದ ಉದ್ಯೋಗಗಳಲ್ಲಿ ಆಗ ಬ್ರಾಹ್ಮಣರೇ ತುಂಬಿದ್ದರು. ಅವರು ಪ್ರಜಾಸಂಖ್ಯೆಯಲ್ಲಿ ಇಪ್ಪತ್ತರಲ್ಲಿ ಒಂದು ಪಾಲಿಗೂ ಕಡಮೆಯಾಗಿದ್ದರು. ಒಕ್ಕಲಿಗರೂ ಲಿಂಗಾಯತರೂ ಹಳೆಯ ಮೈಸೂರಿನ ದೊಡ್ಡ ಸಮುದಾಯಗಳಾಗಿದ್ದರೂ ಕಚೇರಿಗಳಲ್ಲಿ ಅವರ ಧ್ವನಿಯು ಕೇಳುತ್ತಿರಲಿಲ್ಲ. ಬೇಸಾಯವೂ ವ್ಯಾಪಾರವೂ ಈ ಸಮುದಾಯಗಳ ಕಾಯಕವಾದುದರಿಂದ, ವ್ಯವಸಾಯಗಾರರೂ ವರ್ತಕರೂ ಬರಲೆಂದು ಹೇಳಿದೊಡನೆಯೇ, ಇಂಗ್ಲಿಷ್ ವಿದ್ಯೆಯಿಲ್ಲದ ಕಾರಣ ಅವರಿಗೆ ಮುಚ್ಚಿದ್ದ ಬಾಗಿಲೊಂದು ತೆರೆಯಿತು.

ಸಭೆಗೆ ಕುಂದುಗಳು ಇರಲಿಲ್ಲವೆಂದಲ್ಲ. ಪ್ರತಿನಿಧಿಗಳನ್ನು ಪ್ರಜೆಗಳು ಮತಕೊಟ್ಟು ಆರಿಸಿರಲಿಲ್ಲ, ಮಂಡಲಿಗಳು ಹೆಸರಿಸಿದ್ದುವು, ಆ ಮಂಡಲಿಗಳಾದರೋ ಅಧಿಕಾರಿಗಳ ನೆರಳಿನಲ್ಲಿದ್ದುವು. ಸಭೆಗೆ ಶಾಸನಮಾಡುವ ಅಧಿಕಾರವಾಗಲಿ ಆಯವ್ಯಯವನ್ನು ತಡೆಯುವ ಅಧಿಕಾರವಾಗಲಿ ಇರಲಿಲ್ಲ. ಸ್ತ್ರೀಯರಿಲ್ಲ, ಕೂಲಿಯವರಿಲ್ಲ, ಕುಶಲಕರ್ಮಿಗಳಿಗೆ ಸ್ಥಾನವಿಲ್ಲ. ಅಸ್ಪೃಶ್ಯರೆಂದು ದೂರವಿಡಲ್ಪಟ್ಟ ಜನರನ್ನು ಕೇಳುವವರೇ ಇಲ್ಲ. ಕ್ಷಾಮದಲ್ಲಿ ಎಲ್ಲರಿಗಿಂತ ಹೆಚ್ಚಾಗಿ ಸತ್ತವರು ಭೂಮಿಯಿಲ್ಲದ ಬಡವರು. ಸಭೆಯಲ್ಲಿ ಕುಳಿತವರು ಭೂಮಿಯುಳ್ಳವರು. ಡೋಹರ ಕಕ್ಕಯ್ಯ, ಆಯ್ದಕ್ಕಿ ಲಕ್ಕಮ್ಮ ಮೊದಲಾದವರಿಗೆ ಆಸನವಿದ್ದ ಅನುಭವ ಮಂಟಪದೊಡನೆ ಹೋಲಿಸಿದರೆ 1881ರ ಸಭೆಯು ಅರೆತೆರೆದ ಬಾಗಿಲೆಂದೇ ಹೇಳಬೇಕು. ಆದರೆ ಅದುವರೆಗೆ ಇದ್ದುದು ಗೋಡೆ. ವರ್ಷಕ್ಕೊಮ್ಮೆ ತಪ್ಪದೆ ಸಭೆ ಸೇರಬೇಕು, ಸರಕಾರವು ಉತ್ತರವನ್ನು ಹೇಳಬೇಕು ಎಂಬ ವಾಡಿಕೆಯೊಂದು ಬೇರೂರಿದರೆ, ಅಧಿಕಾರವು ಅದರ ಹಿಂದೆಯೇ ಬರುವುದೆಂಬ ನಂಬಿಕೆಯ ಮೇಲೆಯೇ ಈ ಕಟ್ಟಡವು ನಿಂತಿದ್ದಿತು.

1882ರ ದಸರೆಯಲ್ಲಿ ಸಭೆಯು ಎರಡನೆಯ ಸಾರಿ ಸೇರಿತು. ಭೂಮಿಯೊಂದನ್ನೇ ನಂಬಿದ ದೇಶವು ಮಳೆಯೊಂದು ತಪ್ಪಿದರೆ ಹೇಗೆ ನೆಲಕಚ್ಚುವುದೆಂಬುದನ್ನು ಕಂಡಿದ್ದ ದಿವಾನರು, ಕೈಗಾರಿಕೆಗಳು ಬೆಳೆಯಬೇಕಾದುದರ ಅವಶ್ಯಕತೆಯನ್ನು ಪ್ರತಿನಿಧಿಗಳಿಗೆ ಮನಗಾಣಿಸಿದರು. ಅದೇ ಅವರು ನಡೆಯಿಸಿದ ಕೊನೆಯ ಸಭೆಯಾಯಿತು. ವಿಶ್ರಾಂತಿಯಿಲ್ಲದ ದುಡಿಮೆಯಿಂದ ಅವರ ದೇಹವು ಜರ್ಜರಿತವಾಗಿದ್ದಿತು. 1883ನೆಯ ಜನವರಿ 20ರಂದು ಮದರಾಸಿನಲ್ಲಿ ಅವರು ಕಾಲವಾದರು. ಅವರು ದಿವಾನರಾಗಿದ್ದುದು ಎರಡು ವರ್ಷಗಳೂ ತುಂಬಲಿಲ್ಲ. ಬಿತ್ತಿದ ಬೀಜವು ಮೊಳೆತುದನ್ನು ಮಾತ್ರ ಕಂಡರು, ಬೆಳೆಯನ್ನು ಕಾಣಲಿಲ್ಲ. ಮೈಸೂರು ನಗರದ ಪುರಭವನವು ಅವರ ಹೆಸರನ್ನೇ ಹೊತ್ತು ನಿಂತಿದೆ.

ಕಟ್ಟಿದವನು ತೀರಿಕೊಂಡರೆ ಕಟ್ಟಡವೂ ಕುಸಿಯುವುದು ನಮ್ಮ ದೇಶದಲ್ಲಿ ಅಪರೂಪವಲ್ಲ. ಈ ಸಭೆಯು ಹಾಗೆ ಕುಸಿಯಲಿಲ್ಲ. ಶೇಷಾದ್ರಿ ಅಯ್ಯರವರ ಕಾಲದಲ್ಲಿ, 1891ರಲ್ಲಿ, ಪ್ರತಿನಿಧಿಗಳನ್ನು ಚುನಾವಣೆಯಿಂದ ಆರಿಸುವ ಕ್ರಮವು ಬಂದಿತು. ಗೊತ್ತಾದಷ್ಟು ಕಂದಾಯವನ್ನು ತೆರುವವರಿಗೂ ಪದವೀಧರರು ಮೊದಲಾದವರಿಗೂ ಮತದ ಹಕ್ಕು ದೊರೆಯಿತು. 1894ರಲ್ಲಿ ಸದಸ್ಯತ್ವದ ಅವಧಿಯು ಮೂರು ವರ್ಷಗಳಾಯಿತು. 1907ರಲ್ಲಿ ನ್ಯಾಯವಿಧಾಯಕ ಸಭೆಯು ಹುಟ್ಟಿ, ಅದಕ್ಕೆ ಸದಸ್ಯರನ್ನು ಆರಿಸಿಕಳುಹಿಸುವ ಹಕ್ಕು ಪ್ರಜಾಪ್ರತಿನಿಧಿ ಸಭೆಗೆ ಬಂದಿತು. 1923ರಲ್ಲಿ ಈ ಸಭೆಗೆ ಶಾಸನದ ಆಧಾರವೇ ದೊರೆತು, ಮತದ ಹಕ್ಕಿಗೆ ಬೇಕಾದ ಆಸ್ತಿಯ ಪ್ರಮಾಣವು ಇಳಿದು, ಸ್ತ್ರೀಯರೆಂಬ ಕಾರಣಕ್ಕೆ ಹಕ್ಕನ್ನು ನಿರಾಕರಿಸುವ ನಿಯಮವು ತೊಲಗಿತು. 1949ರಲ್ಲಿ ಸಭೆಯು ವಿಸರ್ಜಿತವಾದಾಗ ಅದಕ್ಕೆ ಅರುವತ್ತೆಂಟು ವರ್ಷಗಳು ತುಂಬಿದ್ದುವು. 1952ರಲ್ಲಿ ವಯಸ್ಸಿಗೆ ಬಂದ ಪ್ರಜೆಗಳೆಲ್ಲರೂ ಮತಕೊಟ್ಟು ಮೈಸೂರಿನ ವಿಧಾನಸಭೆಯ 99 ಸ್ಥಾನಗಳನ್ನು ತುಂಬಿದರು. 1956ರ ಏಕೀಕರಣದ ತರುವಾಯ, 1957ರ ಚುನಾವಣೆಯಲ್ಲಿ, ಆ ಸ್ಥಾನಗಳು 208 ಆದುವು. ಕ್ಷಾಮದಲ್ಲಿ ಅಳಿದುಳಿದ 41 ಲಕ್ಷ ಜನರ ಪರವಾಗಿ 144 ಮಂದಿ ಬಂದು ಕುಳಿತ ಆ ಅಕ್ಟೋಬರ್ ದಿನದಿಂದ ಅಲ್ಲಿಯವರೆಗಿನ ದಾರಿಯು ಒಂದೇ ದಾರಿ.

ಈ ದಾರಿಯಲ್ಲಿ ಲಿಂಗಾಯತ ಸಮಾಜವೂ ನಡೆದುಬಂದಿದೆ. ಸಭೆಯಲ್ಲಿ ಮಾತನಾಡಬೇಕಾದರೆ ವಿದ್ಯೆಯು ಬೇಕೆಂಬುದನ್ನು ಅರಿತ ಹಿರಿಯರು 1905ರಲ್ಲಿ ಮೈಸೂರು ಲಿಂಗಾಯತ ಎಜುಕೇಷನ್ ಫಂಡ್ ಅಸೋಸಿಯೇಷನ್ನನ್ನು ಸ್ಥಾಪಿಸಿದರು. 1917ರಲ್ಲಿ ಲಿಂಗಾಯತರೂ ಒಕ್ಕಲಿಗರೂ ಮುಸಲ್ಮಾನರೂ ಮೊದಲಾದವರು ಕೂಡಿ ಪ್ರಜಾಮಿತ್ರ ಮಂಡಲಿಯನ್ನು ಕಟ್ಟಿದರು. ಪ್ರಜಾಸಂಖ್ಯೆಯಲ್ಲಿ ಹೆಚ್ಚಾಗಿರುವವರಿಗೆ ಉದ್ಯೋಗಗಳಲ್ಲಿ ತಕ್ಕ ಪಾಲಿಲ್ಲವೆಂಬ ಅರಿಕೆಯನ್ನು ನಾಲ್ವಡಿ ಕೃಷ್ಣರಾಜ ಒಡೆಯರವರು ಮನ್ನಿಸಿ, 1918ರಲ್ಲಿ ಮುಖ್ಯ ನ್ಯಾಯಾಧೀಶರಾದ ಮಿಲ್ಲರ್ ಸಾಹೇಬರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿದರು. ಹೀಗೆ ಖಾನೇಷುಮಾರಿಯ ಅಂಕಿಗಳು ನ್ಯಾಯವನ್ನು ಕೇಳುವುದಕ್ಕೆ ಆಧಾರವಾದುವು. ಇದು ಯುಕ್ತವೇ. ಆದರೆ ಅದೇ ಅಂಕಿಗಳು ಬಲವನ್ನು ಮೆರೆಯುವುದಕ್ಕೆ ಆಧಾರವಾದಾಗ ಪ್ರಾತಿನಿಧ್ಯವು ತನ್ನ ಅರ್ಥವನ್ನು ಕಳೆದುಕೊಳ್ಳುವುದು. ಎಷ್ಟು ತಲೆಗಳೆಂದು ಎಣಿಸುವವನು ಚುನಾವಣೆಯನ್ನು ಗೆಲ್ಲಬಹುದು. ಎಣಿಕೆಯಲ್ಲಿ ಚಿಕ್ಕವರಾದವರ ಮಾತನ್ನೂ ಕೇಳಿಸಿಕೊಳ್ಳುವವನು ಮಾತ್ರ ಪ್ರತಿನಿಧಿಯೆನಿಸಿಕೊಳ್ಳುವನು.

ನಗರದ ರೈತರ ಕೂಟಕ್ಕೆ ಕಿವಿಗೊಡದಿದ್ದುದರಿಂದ ಒಂದು ರಾಜ್ಯವು ಕೈತಪ್ಪಿತು. ಐವತ್ತು ವರ್ಷಗಳ ಬಳಿಕ ಕೂಟವನ್ನು ತಾನಾಗಿ ಕರೆದುದರಿಂದ ಅದೇ ರಾಜ್ಯವು ಮಾದರಿ ಸಂಸ್ಥಾನವೆಂಬ ಕೀರ್ತಿಯ ಕಡೆಗೆ ಮೊದಲನೆಯ ಹೆಜ್ಜೆಯನ್ನಿಟ್ಟಿತು. ಈ ಎರಡು ಸಂಗತಿಗಳ ನಡುವೆ ರಂಗಾಚಾರ್ಲುರವರ ಆಯುಷ್ಯವೆಲ್ಲವೂ ಅಡಗಿದೆ. ಮಠದ ಮಹಾಮನೆಯಲ್ಲಿಯಾಗಲಿ, ಊರಿನ ಪಂಚಾಯತಿಯಲ್ಲಿಯಾಗಲಿ, ರಾಜ್ಯದ ವಿಧಾನಸಭೆಯಲ್ಲಿಯಾಗಲಿ ಕುಳಿತುಕೊಳ್ಳುವ ಭಾಗ್ಯವುಳ್ಳವರು, ಹೊರಗೆ ನಿಂತಿರುವವರು ಯಾರೆಂದು ಒಮ್ಮೆ ಬಾಗಿಲ ಕಡೆಗೆ ನೋಡುವುದನ್ನು ಕಲಿತರೆ, ಆ ಪುಣ್ಯಪುರುಷರ ಸ್ಮರಣೆಯು ಸಾರ್ಥಕವಾಗುವುದು.